ಪಲೂಸ್ ಮೈಂಡ್‌ಫುಲ್‌ನೆಸ್: ಬಹುಕಾಲದ ನೋವಿರುವವರಿಗೆ ಈ ಉಚಿತ ಕೋರ್ಸ್ ಎಷ್ಟು ಉಪಯೋಗ?

ಸೊಂಟನೋವೋ ಕತ್ತುನೋವೋ ಮೂರು ತಿಂಗಳು ದಾಟಿದರೆ ಜೊತೆಗೆ ಭಯವೂ ಸೇರಿಕೊಳ್ಳುತ್ತದೆ. ‘ಬಗ್ಗಿದರೆ ಡಿಸ್ಕ್ ಜಾರೀತು’, ‘ಇದು ವಾಸಿಯಾಗೋದೇ ಇಲ್ಲ’ ಅಂತ ಮನಸ್ಸು ಹೇಳುತ್ತಲೇ ಇರುತ್ತದೆ. ಓಡಾಟ ಕಡಿಮೆಯಾಗುತ್ತದೆ, ಸ್ನಾಯು ಸೊರಗುತ್ತದೆ, ನಿದ್ದೆ ಕೆಡುತ್ತದೆ, ಆಮೇಲೆ ಸಣ್ಣ ಚಳುಕಿಗೂ ಜೀವ ಹೋದಂತಾಗುತ್ತದೆ. ಪಲೂಸ್ ಕೋರ್ಸ್ ಕೈಹಾಕುವುದು ಈ ಭಯಕ್ಕೆ. ಮಾತ್ರೆಗೆ ಬದಲಿ ಅಂದುಕೊಂಡು ಶುರುಮಾಡಿದರೆ ನಿರಾಸೆಯಾಗುತ್ತದೆ.

ಇದು ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಅನುಭವವನ್ನು ಒಳ್ಳೆಯದು ಕೆಟ್ಟದ್ದು ಅನ್ನದೆ ಗಮನಿಸುವುದನ್ನು, ಕಲಿಸುವ 8 ವಾರಗಳ ಆನ್‌ಲೈನ್ ಕೋರ್ಸ್. ಅಮೆರಿಕದ ಡೇವ್ ಪಾಟರ್ ರೂಪಿಸಿದ್ದು, ಪೂರ್ತಿ ಉಚಿತ. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಆರಂಭಿಸಿದ ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ಇಳಿಸುವ) ಪದ್ಧತಿಯೇ ಇದರ ಮಾದರಿ. ಬಹುಕಾಲದ ಸೊಂಟನೋವಿದ್ದ 342 ಜನರನ್ನು ಗುಂಪುಗಳಾಗಿ ಹಂಚಿ ಆ ಪದ್ಧತಿಯನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. 26 ವಾರಗಳ ಹೊತ್ತಿಗೆ ದೈನಂದಿನ ಕೆಲಸದಲ್ಲಿ ಗಮನಾರ್ಹ ಸುಧಾರಣೆ ಕಂಡವರು ಎಂಬಿಎಸ್‌ಆರ್ ಗುಂಪಿನಲ್ಲಿ ಶೇ 60.5, ಮಾಮೂಲಿ ಚಿಕಿತ್ಸೆಯಲ್ಲಿ ಶೇ 44.1. ಆದರೆ ಅಲ್ಲಿದ್ದದ್ದು ಶಿಕ್ಷಕರು ನಡೆಸಿದ ಗುಂಪು ತರಗತಿ. ಒಬ್ಬರೇ ಕೂತು ಕಲಿಯುವ ಪಲೂಸಿಗೆ ಅದೇ ಅಂಕಿಯನ್ನು ಅಂಟಿಸುವುದು ಸರಿಯಲ್ಲ.

ಮೊದಲ ವಾರ ಬಾಡಿ ಸ್ಕ್ಯಾನ್: ಸುಮಾರು ಅರ್ಧ ಗಂಟೆ ಮಲಗಿ, ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತ ಹೋಗುವುದು. ಕೆಲವರು ಇಲ್ಲೇ ಬಿಟ್ಟುಬಿಡಬಹುದು. ಗಮನ ಕೊಟ್ಟೊಡನೆ ನೋವು ಜಾಸ್ತಿ ಅನ್ನಿಸುತ್ತದೆ, ಏನೋ ಕೆಟ್ಟಿತು ಅಂತ ಹೆದರುತ್ತಾರೆ. ಹಾಗನ್ನಿಸುವುದು ಸಹಜ. ನೋವಿನ ನಟ್ಟನಡುವೆ ನುಗ್ಗಬೇಡಿ, ಅಂಚಿನಿಂದ ನೋಡಿ: ಇದು ಉರಿಯೋ, ಸೆಳೆತವೋ, ಚುಚ್ಚೋ? ಎಷ್ಟಗಲ ಇದೆ? ಒಂದು ನಿಮಿಷ ಒಂದೇ ಥರ ಇರುತ್ತದೋ, ಏರಿಳಿಯುತ್ತದೋ? ತಡೆಯಲಾಗದಿದ್ದರೆ ಗಮನವನ್ನು ಅಂಗೈಗೋ ಹೊರಗಿನ ಶಬ್ದಕ್ಕೋ ಕೊಟ್ಟು, ಆಮೇಲೆ ವಾಪಸ್ ಬನ್ನಿ. ಅಂಗಾತ ಮಲಗಿದರೆ ಸೊಂಟ ಹಿಡಿಯುವವರು ಮಂಡಿಯ ಕೆಳಗೆ ಎರಡು ದಿಂಬು ಇಡಲಿ, ಇಲ್ಲವೇ ಕುರ್ಚಿಯಲ್ಲೇ ಕೂರಲಿ.

ಕೋರ್ಸಿನ ಜೀವ ಇರುವುದು ಐದನೇ ವಾರದಲ್ಲಿ. ಕಷ್ಟದ ಭಾವನೆ, ದೈಹಿಕ ನೋವು ಎರಡನ್ನೂ ನೇರವಾಗಿ ಎತ್ತಿಕೊಳ್ಳುವುದು ಅಲ್ಲೇ. ಯೋಚನೆಗಳನ್ನು ಗುರುತಿಸುವ ಮೂರನೇ ವಾರ ಹಾರಿಸಿ ಅಲ್ಲಿಗೆ ಜಿಗಿದರೆ ಏನೂ ಹತ್ತುವುದಿಲ್ಲ. ‘ಸೊಂಟ ಉರಿಯುತ್ತಿದೆ’ ಎಂಬ ಅನುಭವವನ್ನೂ ‘ನನ್ನ ಕಥೆ ಮುಗಿಯಿತು’ ಎಂಬ ಯೋಚನೆಯನ್ನೂ ಬೇರೆ ಮಾಡಲು ಬರಬೇಕು. ದಿನದ ಅಭ್ಯಾಸ ಬರೆದಿಡಲು ಕೋರ್ಸ್ ಕೊಡುವ ಹಾಳೆಯನ್ನು ದಿನಾ ಎರಡು ಸಾಲಾದರೂ ತುಂಬಿಸಿ. ಹತ್ತು ದಿನದ ಹಾಳೆ ಒಟ್ಟಿಗೆ ನೋಡಿದಾಗ ನೋವೇರುವ ಹೊತ್ತು, ಅದರ ಹಿಂದಿನ ಜಗಳ, ನಿದ್ದೆಗೆಟ್ಟ ರಾತ್ರಿ ಕಣ್ಣಿಗೆ ಬೀಳುತ್ತವೆ.

ಕೊರತೆಗಳೂ ಇವೆ. ಧ್ವನಿ ಇಂಗ್ಲಿಷ್‌ನಲ್ಲಿ, ಭಾಷೆ ಬಾರದ ಹಿರಿಯರಿಗೆ ಮನೆಯವರು ಕನ್ನಡದಲ್ಲಿ ನಿಧಾನವಾಗಿ ಹೇಳಿ ರೆಕಾರ್ಡ್ ಮಾಡಿಕೊಟ್ಟರೆ ಸಾಕಾಗುತ್ತದೆ. ಯೋಗದ ಭಾಗವನ್ನು ಫಿಸಿಯೋಥೆರಪಿಸ್ಟ್ ನೋಡಿ ಒಪ್ಪಿದ ಮೇಲೆ ಮಾಡಿ. ಕೆಲಸದ ಹದವನ್ನು ಬೇರೆಯಾಗಿ ಕಲಿಯಬೇಕು: 20 ನಿಮಿಷ ನಿಂತರೆ ನೋವೇರುವವರು 15ಕ್ಕೇ ಕೂರಬೇಕು, ನೋವಿಲ್ಲದ ದಿನವೂ ಅಷ್ಟೇ. ಚೆನ್ನಾಗಿದ್ದ ದಿನ ಮನೆಯೆಲ್ಲ ತೊಳೆದು ಮರುದಿನ ಮಲಗುವುದೇ ಭಯವನ್ನು ಬೆಳೆಸುತ್ತದೆ.

ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ಕೋರ್ಸ್ ಬದಿಗಿಟ್ಟು ಮೊದಲು ಡಾಕ್ಟರರನ್ನು ನೋಡಿ. ಬದುಕೇ ಬೇಡ ಅನ್ನಿಸುವಷ್ಟು ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.