ನಾಲ್ಕು ಮಳೆಗಾಲ ಕಂಡ ನಮ್ಮ ಆಫೀಸಿನ ಯುಪಿಎಸ್

ತೀರ್ಥಹಳ್ಳಿ ಕಡೆ ಜೂನ್ ಬಂತು ಅಂದ್ರೆ ಕರೆಂಟನ್ನು ನಂಬುವ ಹಾಗಿಲ್ಲ. ಒಂದು ಕೊಂಬೆ ತಂತಿ ಮೇಲೆ ಬಿದ್ದರೆ ಸಾಕು, ಲೈನ್‌ಮ್ಯಾನ್ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಅರ್ಧ ದಿನ. ನಮ್ಮದು ಲೆಕ್ಕ ಬರೆಯುವ ಸಣ್ಣ ಆಫೀಸು. ಎರಡು ಡಿಸ್ಕಿನ ರೈಡ್ (ಒಂದೇ ಮಾಹಿತಿಯನ್ನು ಎರಡೂ ಡಿಸ್ಕಿನಲ್ಲಿ ಇಡುವ ವ್ಯವಸ್ಥೆ) ಇರುವ ಒಂದು ಲಿನಕ್ಸ್ ಸರ್ವರ್, ಒಂದು ರೌಟರ್, ಎಲ್ಲ ಸೇರಿ ಸುಮಾರು 120 ವ್ಯಾಟ್. ಇದಕ್ಕೆ ನಾಲ್ಕು ವರ್ಷದ ಹಿಂದೆ 1 ಕೆವಿಎ ಸಾಮರ್ಥ್ಯದ ಯುಪಿಎಸ್ ತಂದೆ. ಒಳಗೆ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಎರಡು ಬ್ಯಾಟರಿ.

ಹೊಸದರಲ್ಲಿ ಅರ್ಧ ಗಂಟೆ ಎಳೆಯುತ್ತಿತ್ತು. ಯುಎಸ್‌ಬಿ ಕೇಬಲ್ ಸಿಕ್ಕಿಸಿ, ನಟ್ ಅನ್ನುವ ಉಚಿತ ತಂತ್ರಾಂಶ ಹಾಕಿದೆ. ಬ್ಯಾಟರಿ ಇಳಿದರೆ ಸರ್ವರ್ ತಾನೇ ಕ್ರಮವಾಗಿ ಮಲಗುತ್ತದೆ. ಎರಡು ಮಳೆಗಾಲ ದೂರೇ ಇರಲಿಲ್ಲ. ಬೀಪ್ ಸದ್ದೊಂದು ಬಿಟ್ಟು. ನಡುರಾತ್ರಿ ಅದು ಕಿರುಚುವುದಕ್ಕೆ ಪಕ್ಕದ ಮನೆಯವರು ಫೋನ್ ಮಾಡಿದ್ದೂ ಇದೆ.

ಮೂರನೇ ಜುಲೈಯಲ್ಲಿ ಕೈಕೊಟ್ಟಿತು. ಪರದೆ ಮೇಲೆ ಚಾರ್ಜ್ 100 ಅಂತಲೇ ಇತ್ತು. ಕರೆಂಟ್ ಹೋಗಿ ನಾಲ್ಕೇ ನಿಮಿಷಕ್ಕೆ ಎಲ್ಲ ಢಮಾರ್. ಬ್ಯಾಟರಿಯ ವೋಲ್ಟೇಜ್ ಸರಿಯಾಗೇ ಇರುತ್ತದೆ, ಒಳಗೆ ಕಸುವು ಮಾತ್ರ ಇರುವುದಿಲ್ಲ. ಲೋಡ್, ಅಂದ್ರೆ ಯಂತ್ರಗಳನ್ನು ನಡೆಸುವ ಹೊರೆ, ಬಿದ್ದಾಗಲೇ ಅದು ಗೊತ್ತಾಗುವುದು. ಡಬ್ಬ ಬಿಚ್ಚಿದರೆ ಒಂದು ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ತಪ್ಪು ನಂದೂ ಇದೆ. ಗಾಳಿಯಾಡದ ಬೀರುವಿನಲ್ಲಿ ಇಟ್ಟಿದ್ದೆ. ಬಿಸಿ ಈ ಬ್ಯಾಟರಿಗಳ ಆಯಸ್ಸನ್ನು ಬೇಗ ತಿನ್ನುತ್ತದೆ.

ನಿಜವಾದ ಪಜೀತಿ ಶುರುವಾದದ್ದು ಕರೆಂಟ್ ಬಂದ ಮೇಲೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ಮೊದಲು ಓಡುವ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ) ‘ಕರೆಂಟ್ ಬಂದ ಕೂಡಲೇ ಆನ್ ಆಗು’ ಅಂತ ಇಟ್ಟಿದ್ದೆ. ಸರ್ವರ್ ಎದ್ದಿತು, ಹತ್ತು ನಿಮಿಷದಲ್ಲಿ ಮತ್ತೆ ಕರೆಂಟ್ ಹೋಯಿತು, ಸರ್ವರ್ ಬಿತ್ತು. ಹೀಗೆ ಮೂರು ಸಲ. ಅದೇ ಹೊತ್ತಿಗೆ ಕರೆಂಟ್ ಇಲ್ಲದಾಗ ಸರ್ವರ್‌ನ ಗಡಿಯಾರ ನಡೆಸುವ, ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಕೂಡ ಸತ್ತಿತ್ತು. ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ, ಬೇರೆ ಸೈಟ್‌ಗಳ ಸರ್ಟಿಫಿಕೇಟ್ (ಸೈಟ್ ಅಸಲಿ ಅನ್ನುವುದಕ್ಕೆ ಇರುವ, ಅವಧಿ ನಮೂದಿಸಿದ ಗುರುತುಪತ್ರ) ಎಲ್ಲ ತಪ್ಪು ಅಂತ ತೋರಿಸಿತು. ಇದನ್ನು ಹಿಡಿಯಲಿಕ್ಕೇ ನನಗೆ ಒಂದು ಗಂಟೆ ಬೇಕಾಯಿತು! ಸೆಲ್‌ನ ಬೆಲೆ ಒಂದು ಮಸಾಲೆದೋಸೆಗಿಂತ ಜಾಸ್ತಿ ಇಲ್ಲ. ರೈಡ್ ಎರಡೂ ಡಿಸ್ಕ್ ತಾಳೆ ನೋಡಿ ಮುಗಿಸಲು ರಾತ್ರಿಯಿಡೀ ಹಿಡಿಯಿತು. ಫೈಲುಗಳಲ್ಲಿ ಒಂದು ತೆರೆಯಲೇ ಇಲ್ಲ, ಹಿಂದಿನ ದಿನದ ಬ್ಯಾಕಪ್‌ನಿಂದ ತಂದೆ.

ಈಗ ಆ ಆಟೋಮ್ಯಾಟಿಕ್ ಆನ್ ತೆಗೆದಿದ್ದೇನೆ. ಕೆಲವು ಯುಪಿಎಸ್‌ಗಳಲ್ಲಿ ‘ಬ್ಯಾಟರಿ ಇಷ್ಟು ಚಾರ್ಜ್ ಆದ ಮೇಲೇ ಸರ್ವರ್‌ಗೆ ಕರೆಂಟ್ ಕೊಡು’ ಅಂತ ಹೇಳಬಹುದು. ನನ್ನದರಲ್ಲಿ ಅದಿಲ್ಲ, ಅದಕ್ಕೇ ಒಂದು ಸ್ಟಾರ್ ಕಡಿತ. ಹಾಗಾಗಿ ಕರೆಂಟ್ ಬಂದು ಒಂದೆರಡು ಗಂಟೆ ಕಾದು, ನಾನೇ ಹೋಗಿ ಸ್ವಿಚ್ ಒತ್ತುತ್ತೇನೆ. ಮೊದಲು ರೌಟರ್, ಆಮೇಲೆ ಸರ್ವರ್. ಮೂರು ತಿಂಗಳಿಗೊಮ್ಮೆ, ಎಲ್ಲರೂ ಮನೆಗೆ ಹೋದ ಮೇಲೆ, ಯುಪಿಎಸ್‌ನ ಪ್ಲಗ್ ಕಿತ್ತು ಗಡಿಯಾರ ನೋಡುತ್ತೇನೆ. ಹದಿನೈದು ನಿಮಿಷಕ್ಕಿಂತ ಕಡಿಮೆ ಬಂದರೆ ಬ್ಯಾಟರಿ ಬದಲು.

ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ಜೊತೆ ಹೊಸದು ಸೇರಿಸಿದರೆ ಹೊಸದೂ ಬೇಗ ಕೆಡುತ್ತದೆ. ಅಂಗಡಿಯಲ್ಲಿ ತಯಾರಾದ ತಿಂಗಳು ಕೇಳಿ. ನನಗೆ ಮೊದಲು ಕೊಡಲು ಬಂದದ್ದು ಒಂದೂವರೆ ವರ್ಷ ಕಪಾಟಿನಲ್ಲಿ ಕೂತಿದ್ದ ಮಾಲು. ಹಳೆಯದನ್ನು ವಾಪಸ್ ಕೊಟ್ಟರೆ ರೇಟಿನಲ್ಲಿ ಸ್ವಲ್ಪ ಬಿಡುತ್ತಾರೆ, ಸುಮ್ನೆ ಗುಜರಿಗೆ ಹಾಕಬೇಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕರೆಂಟ್ ಇಲ್ಲದೆಯೂ ದಿನವಿಡೀ ಕೆಲಸ ನಡೆಯಬೇಕು ಅನ್ನುವವರಿಗೆ ಇದು ಸಾಲದು, ದೊಡ್ಡ ಬ್ಯಾಟರಿಯ ಇನ್ವರ್ಟರ್ ನೋಡಿ.