ಹಳೇ ಕಾರಿಗೆ ಟೈರ್ ಪ್ರೆಶರ್ ಸೆನ್ಸರ್: ಕಂಪನಿಯದಾ, ಪ್ರೋಗ್ರಾಮ್ ಮಾಡಿಸೋದಾ, ಕ್ಯಾಪ್ ಸೆನ್ಸರಾ?

ಹಳೇ ಕಾರಿನಲ್ಲಿ ಟೈರ್ ಪ್ರೆಶರ್ ಲೈಟ್ ಹತ್ತಿಕೊಂಡರೆ ಹೆಚ್ಚಿನವರು ಮಾಡೋದು ಒಂದೇ. ನಾಲ್ಕೂ ಟೈರಿಗೆ ಗಾಳಿ ಹೊಡೆಸುತ್ತಾರೆ. ಆದರೂ ಲೈಟ್ ಹೋಗದಿದ್ದರೆ ಹಾಗೇ ಬಿಟ್ಟುಬಿಡುತ್ತಾರೆ. ಬಳ್ಳಾರಿಯಲ್ಲಿ ಹಾಗೆ ಬಿಡಲೇಬಾರದು ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಡಾಂಬರು ಅದಕ್ಕಿಂತ ಜಾಸ್ತಿ ಕಾದಿರುತ್ತದೆ. ಕುಡತಿನಿ, ತೋರಣಗಲ್ಲು ಮೇಲೆ ಹೊಸಪೇಟೆಗೆ ಹೋಗುವ ಹೆದ್ದಾರಿ 67ರಲ್ಲಿ ಅದಿರು ಲಾರಿಗಳ ಓಡಾಟ, ರಸ್ತೆ ಬದಿಯಲ್ಲಿ ಬೋಲ್ಟು, ಕಬ್ಬಿಣದ ಚೂರು. ಟೈರ್ ಇದ್ದಕ್ಕಿದ್ದಂತೆ ಒಡೆಯೋದು ಕಮ್ಮಿ. ಮೊದಲು ನಿಧಾನಕ್ಕೆ ಗಾಳಿ ಇಳಿಯುತ್ತದೆ. ಗಾಳಿ ಕಮ್ಮಿ ಆದ ಟೈರಿನ ಸೈಡ್‌ವಾಲ್ ಪ್ರತಿ ಸುತ್ತಿಗೂ ಬಾಗುತ್ತದೆ, ಬಾಗಿ ಬಾಗಿ ಕಾಯುತ್ತದೆ, ಕೊನೆಗೆ ಹರಿಯುತ್ತದೆ. ಗಾಳಿ ಇಳಿಯೋದಕ್ಕೂ ಟೈರ್ ಹರಿಯೋದಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ ನಮ್ಮನ್ನು ಎಚ್ಚರಿಸೋದೇ ಈ ಸೆನ್ಸರ್ ಕೆಲಸ.

ನಮ್ಮದು 2014ರ ಡೀಸೆಲ್ ಎಸ್‌ಯುವಿ. ಸೆನ್ಸರ್ ಕಂಪನಿಯಿಂದಲೇ ಬಂದಿತ್ತು. ಅವು ಒಂದೊಂದಾಗಿ ಸಾಯತೊಡಗಿದ ಮೇಲೆ ಮೂರು ದಾರಿಯನ್ನೂ ಇದೇ ಕಾರಿನಲ್ಲಿ ನೋಡಿದೆ. ಮೊದಲ ಸೆನ್ಸರಿಗೆ ಶೋರೂಮಿನ ಅಸಲಿ ಪಾರ್ಟ್ ಹಾಕಿಸಿದೆ. ಎರಡನೆಯದು ಹೋದಾಗ ಆನ್‌ಲೈನಲ್ಲಿ ಸಿಗುವ ಕ್ಯಾಪ್ ಸೆನ್ಸರ್ ಕಿಟ್ ತರಿಸಿದೆ. ಟೈರ್ ಬದಲಿಸುವ ಸಮಯ ಬಂದಾಗ ಉಳಿದ ಮೂರಕ್ಕೂ ಪ್ರೋಗ್ರಾಮ್ ಮಾಡುವ ಯೂನಿವರ್ಸಲ್ ಸೆನ್ಸರ್ ಹಾಕಿಸಿದೆ. ಹಳೇ ಕಾರಿಗೆ ಆ ಮೂರನೇ ದಾರಿಯೇ ಸರಿ ಅನ್ನೋದು ನನ್ನ ತೀರ್ಮಾನ. ಯಾಕೆ ಅಂತ ಹೇಳುತ್ತೇನೆ.

ಮೊದಲು ಲೈಟಿನ ಭಾಷೆ ಗೊತ್ತಿರಲಿ. ಲೈಟ್ ಹತ್ತಿ ಸ್ಥಿರವಾಗಿ ನಿಂತರೆ ಯಾವುದೋ ಟೈರಿನಲ್ಲಿ ಗಾಳಿ ಇಳಿದಿದೆ ಅಂತ. ಕಾರ್ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ, ಒಂದೂವರೆ ನಿಮಿಷ ಮಿನುಗಿ ಆಮೇಲೆ ಸ್ಥಿರವಾಗಿ ನಿಂತರೆ, ಹೆಚ್ಚಿನ ಕಾರುಗಳಲ್ಲಿ ಗಾಳಿ ತಪ್ಪಲ್ಲ, ಸೆನ್ಸರ್ ಮಾತಾಡ್ತಿಲ್ಲ ಅಂತ ಅರ್ಥ. ನಮ್ಮದು ಎರಡನೇ ಥರ ಮಿನುಗುತ್ತಿತ್ತು. ಪಂಕ್ಚರ್ ಅಂಗಡಿಗೆ ಎಷ್ಟು ಸಲ ಹೋದರೂ ಅದು ಹೋಗೋದಿಲ್ಲ.

ಹಳೇ ಟೈರ್ ಬಿಚ್ಚಿಸಿದಾಗ ಸತ್ತ ಸೆನ್ಸರನ್ನು ಕೈಯಲ್ಲಿ ಹಿಡಿದು ನೋಡಿದೆ. ಬೆಂಕಿಪೊಟ್ಟಣದಷ್ಟು ಕಪ್ಪು ಪ್ಲಾಸ್ಟಿಕ್, ಅದಕ್ಕೆ ಅಂಟಿದ ಅಲ್ಯೂಮಿನಿಯಂ ವಾಲ್ವ್ ನೆಕ್ (ಗಾಳಿ ತುಂಬುವ ನಳಿಕೆ), ಮೈತುಂಬ ಟೈರಿನ ಕಪ್ಪು ಪುಡಿ. ಒಳಗೆ ಒಂದು ಲೀಥಿಯಂ ಬ್ಯಾಟರಿ, ಗಾಳಿಯ ಒತ್ತಡ ಮತ್ತು ಬಿಸಿ ಅಳೆಯುವ ಚಿಪ್, ಸಣ್ಣ ರೇಡಿಯೋ. ಎಲ್ಲದರ ಮೇಲೆ ಗಟ್ಟಿ ರಾಳ ಸುರಿದು ಮುಚ್ಚಿರುತ್ತಾರೆ. ಹಾಗಾಗಿ ಬ್ಯಾಟರಿ ಮಾತ್ರ ಬದಲಿಸೋಕೆ ಆಗೋದಿಲ್ಲ. ಅದರ ಆಯಸ್ಸು ಐದರಿಂದ ಹತ್ತು ವರ್ಷ. ನಾಲ್ಕೂ ಒಂದೇ ದಿನ ಹುಟ್ಟಿದವು, ಅಂದ ಮೇಲೆ ಒಂದು ಹೋದರೆ ಉಳಿದವೂ ಹಿಂದೆಯೇ ಹೋಗುತ್ತವೆ. ಬ್ಲೇಡಿನಿಂದ ರಾಳ ಕೆತ್ತಿ ಹೊಸ ಬ್ಯಾಟರಿ ಬೆಸುಗೆ ಹಾಕುವವರೂ ಇದ್ದಾರೆ. ಟೈರಿನೊಳಗೆ ಅಷ್ಟು ಬಿಸಿಯಲ್ಲಿ, ಅಷ್ಟು ಜೋರಾಗಿ ತಿರುಗುವ ವಸ್ತುವಿಗೆ ಆ ರಿಪೇರಿ ಬೇಡ ಅಂತಲೇ ಹೇಳುತ್ತೇನೆ.

ಶೋರೂಮಿನ ಪಾರ್ಟ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಒಂದು ಸೆನ್ಸರಿಗೆ 4,600 ರೂಪಾಯಿ, ಬಿಚ್ಚಿ ಹಾಕಿ ಕಾರಿನ ಕಂಪ್ಯೂಟರಿಗೆ ಸೇರಿಸೋದಕ್ಕೆ ಬೇರೆ 1,200. ಪಾರ್ಟ್ ಸ್ಟಾಕ್ ಇರಲಿಲ್ಲ, ಬೆಂಗಳೂರಿನಿಂದ ಬರಬೇಕಿತ್ತು, ಕಾದೆ. ಬಂದ ಮೇಲೆ ಕೆಲಸ ಮಾತ್ರ ಅಚ್ಚುಕಟ್ಟು. ಒಂದು ದಿನವೂ ತೊಂದರೆ ಕೊಟ್ಟಿಲ್ಲ. ವಾರಂಟಿ ಇರುವ ಹೊಸ ಕಾರಾದರೆ ಬೇರೆ ಯೋಚನೆಯೇ ಬೇಡ, ಅಲ್ಲೇ ಹೋಗಿ. ಆದರೆ ಹಳೇ ಕಾರಿಗೆ ನಾಲ್ಕೂ ಹಾಕಿಸಿದರೆ ಹೆಚ್ಚೂಕಮ್ಮಿ 20,000 ಮೇಲೆ ಹೋಗುತ್ತದೆ. ಆ ದುಡ್ಡಿಗೆ ಒಳ್ಳೇ ಟೈರುಗಳೇ ಬರುತ್ತವಲ್ವಾ?

ಕ್ಯಾಪ್ ಸೆನ್ಸರ್ ಕಿಟ್ ಎಲ್ಲಕ್ಕಿಂತ ಅಗ್ಗ. ನಾನು ತರಿಸಿದ್ದು 2,800 ರೂಪಾಯಿ. ನಾಲ್ಕು ಸೆನ್ಸರ್, ಡ್ಯಾಶ್‌ಬೋರ್ಡ್ ಮೇಲೆ ಇಡುವ ಸೋಲಾರ್ ಡಿಸ್‌ಪ್ಲೇ. ವಾಲ್ವಿನ ಕ್ಯಾಪ್ ತೆಗೆದು ಅದರ ಜಾಗದಲ್ಲಿ ತಿರುಗಿಸಿದರೆ ಮುಗಿಯಿತು, ಟೈರ್ ಬಿಚ್ಚಬೇಕಾಗಿಲ್ಲ. ಬ್ಯಾಟರಿ ಮುಗಿದರೆ ಮನೆಯಲ್ಲೇ ಬದಲಿಸಬಹುದು, ಸಿಆರ್1632 ಅನ್ನೋ ಸಣ್ಣ ಸೆಲ್. ಡಿಸ್‌ಪ್ಲೇ ನಾಲ್ಕೂ ಟೈರಿನ ಪಿಎಸ್‌ಐ, ಅಂದರೆ ಗಾಳಿಯ ಒತ್ತಡದ ಅಂಕಿ, ಒಟ್ಟಿಗೆ ತೋರಿಸುತ್ತದೆ. ಇದನ್ನು ನೋಡಿದ ಎಲ್ಲರೂ "ಇದು ಸಾಕಲ್ಲ, ಇನ್ನೇನು ಬೇಕು?" ಅಂದರು.

ಸಾಕಾಗದೇ ಇರೋದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ಟೈರಿನೊಳಗಿನ ಗಾಳಿಯನ್ನು ತಡೆದು ಹಿಡಿಯೋದು ವಾಲ್ವಿನ ಪಿನ್. ಕ್ಯಾಪ್ ಸೆನ್ಸರ್ ಒತ್ತಡ ಅಳೆಯಬೇಕಾದರೆ ಆ ಪಿನ್ನನ್ನು ಯಾವಾಗಲೂ ಒತ್ತಿ ತೆರೆದೇ ಇಟ್ಟಿರಬೇಕು. ಅಂದರೆ ಈಗ ಗಾಳಿ ನಿಂತಿರೋದು ಸೆನ್ಸರಿನ ಒಳಗಿನ ಚಿಕ್ಕ ರಬ್ಬರ್ ವಾಷರಿನ ಮೇಲೆ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ನನ್ನ ಹಿಂದಿನ ಬಲಗಡೆ ಟೈರಿನಲ್ಲಿ ಇದೇ ಆಯಿತು. ಪ್ರತಿದಿನ ಒಂದೆರಡು ಪಿಎಸ್‌ಐ ಇಳಿಯುತ್ತಿತ್ತು, ಪಂಕ್ಚರ್ ಹುಡುಕಿದರೆ ಇಲ್ಲ. ಸೋಪಿನ ನೀರು ಹಾಕಿ ನೋಡಿದರೆ ಗುಳ್ಳೆ ಬರುತ್ತಿದ್ದದ್ದು ಸೆನ್ಸರಿನ ಬುಡದಿಂದಲೇ. ಗಾಳಿ ಕಾಯಬೇಕಾದ ವಸ್ತುವೇ ಗಾಳಿ ಬಿಡುತ್ತಿತ್ತು.

ಇನ್ನೊಂದು ವಿಷಯ ವಾಲ್ವ್ ನೆಕ್. ನಮ್ಮ ಬಹುಪಾಲು ಕಾರುಗಳಲ್ಲಿ ಅದು ರಬ್ಬರಿನದು. ಅದರ ತುದಿಗೆ ತೂಕ ಕೂರಿಸಿ ಹೆದ್ದಾರಿ ವೇಗದಲ್ಲಿ ತಿರುಗಿಸಿದರೆ ನೆಕ್ ಬಾಗುತ್ತದೆ, ವರ್ಷ ಕಳೆದ ಹಾಗೆ ಬುಡದಲ್ಲಿ ಸೀಳುತ್ತದೆ. ಕ್ಯಾಪ್ ಸೆನ್ಸರ್ ಹಾಕಲೇಬೇಕು ಅಂದರೆ ಮೊದಲು ಲೋಹದ ನೆಕ್ ಹಾಕಿಸಿಕೊಳ್ಳಿ. ಗಾಳಿ ಹೊಡೆಸುವಾಗ ಪ್ರತಿಸಲ ಅದನ್ನು ಬಿಚ್ಚಬೇಕು. ಕಳ್ಳತನ ಆಗದಿರಲಿ ಅಂತ ಕೊಟ್ಟ ಲಾಕ್ ನಟ್ ಬಿಚ್ಚೋಕೆ ಪುಟ್ಟ ಪಾನ ಬೇಕು. ಪೆಟ್ರೋಲ್ ಬಂಕಿನಲ್ಲಿ ಹಿಂದೆ ಗಾಡಿ ಸಾಲು ನಿಂತಿರುವಾಗ ಅಷ್ಟು ತಾಳ್ಮೆ ಯಾರಿಗಿರುತ್ತದೆ? ಅದು ತೋರಿಸುವ ಟೆಂಪರೇಚರನ್ನೂ ನಂಬಬೇಡಿ. ಸೆನ್ಸರ್ ಹೊರಗೆ ಗಾಳಿಗೆ ಒಡ್ಡಿಕೊಂಡಿರುತ್ತದೆ, ಟೈರಿನೊಳಗಿನ ಬಿಸಿ ಅದಕ್ಕೆ ಗೊತ್ತಾಗೋದಿಲ್ಲ.

ಆ ಕಿಟ್ ಈಗ ತಮ್ಮನ ಸಣ್ಣ ಕಾರಿನಲ್ಲಿದೆ. ಅದರಲ್ಲಿ ಕಂಪನಿ ಸೆನ್ಸರ್ ಇಲ್ಲವೇ ಇಲ್ಲ. ಲೋಹದ ನೆಕ್ ಹಾಕಿಸಿ, ಹೊಸ ವಾಷರ್ ಹಾಕಿ ಕೊಟ್ಟಿದ್ದೇನೆ. ಏನೂ ಇಲ್ಲದ ಕಾರಿಗೆ ಇದು ಒಳ್ಳೆಯದೇ. ಕಂಪನಿಯ ವ್ಯವಸ್ಥೆ ಇರುವ ಕಾರಿಗೆ ಬೇಡ. ಡ್ಯಾಶ್‌ಬೋರ್ಡಿನ ಹಳದಿ ಲೈಟ್ ಇದರಿಂದ ಹೋಗೋದೂ ಇಲ್ಲ, ಯಾಕಂದರೆ ಕಾರಿನ ಕಂಪ್ಯೂಟರಿಗೂ ಈ ಕಿಟ್ಟಿಗೂ ಪರಿಚಯವೇ ಇರೋದಿಲ್ಲ.

ಈಗ ಯೂನಿವರ್ಸಲ್ ಸೆನ್ಸರಿಗೆ ಬರೋಣ. ಇವು ಖಾಲಿ ಬರುತ್ತವೆ. ಆಟೆಲ್, ಶ್ರೇಡರ್ ಥರದ ಕಂಪನಿಗಳು ಮಾಡುತ್ತವೆ. ಕೈಯಲ್ಲಿ ಹಿಡಿಯುವ ಒಂದು ಟೂಲ್ ಇರುತ್ತದೆ, ಅದರಲ್ಲಿ ಕಾರಿನ ಕಂಪನಿ, ಮಾಡೆಲ್, ವರ್ಷ ಆರಿಸಿದರೆ ಸೆನ್ಸರ್ ಆ ಕಾರಿನ ಭಾಷೆ ಕಲಿಯುತ್ತದೆ. ಬಳ್ಳಾರಿಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡುವ ಎಲ್ಲರ ಹತ್ತಿರ ಈ ಟೂಲ್ ಇಲ್ಲ, ಫೋನ್ ಮಾಡಿ ಕೇಳಿ ಹೋಗಿ. ನನಗೆ ಒಂದಕ್ಕೆ 2,300 ಬಿತ್ತು, ಪ್ರೋಗ್ರಾಮ್, ಫಿಟ್ಟಿಂಗ್, ಬ್ಯಾಲೆನ್ಸಿಂಗ್ ಎಲ್ಲ ಸೇರಿ.

ಪ್ರೋಗ್ರಾಮ್ ಮಾಡೋದರಲ್ಲಿ ಎರಡು ವಿಧ ಇದೆ, ಗ್ರಾಹಕರು ತಿಳಿದಿರಬೇಕಾದ್ದು ಇದೇ. ಪ್ರತಿ ಸೆನ್ಸರಿಗೂ ಒಂದು ಐಡಿ ನಂಬರ್ ಇರುತ್ತದೆ. ಕಾರಿನ ಕಂಪ್ಯೂಟರ್ ತನಗೆ ಗೊತ್ತಿರುವ ನಾಲ್ಕು ಐಡಿಗಳ ಮಾತನ್ನು ಮಾತ್ರ ಕೇಳುತ್ತದೆ, ಪಕ್ಕದ ಕಾರಿನ ಸೆನ್ಸರ್ ಮಾತು ಕಿವಿಗೆ ಹಾಕಿಕೊಳ್ಳೋದಿಲ್ಲ. ಹೊಸ ಸೆನ್ಸರಿಗೆ ಹೊಸ ಐಡಿ ಕೊಟ್ಟರೆ ಅದನ್ನು ಕಾರಿಗೂ ಕಲಿಸಬೇಕು. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿಗೆ ಕೇಬಲ್ ಹಾಕುವ ಕಿಂಡಿ) ಟೂಲ್ ಸೇರಿಸಬೇಕು. ಎರಡನೇ ವಿಧ ಕ್ಲೋನ್. ಹಳೇ ಸೆನ್ಸರಿನ ಐಡಿಯನ್ನೇ ಹೊಸದಕ್ಕೆ ಬರೆಯೋದು. ಆಗ ಕಾರಿಗೆ ಏನೂ ಬದಲಾಗಿದ್ದೇ ಗೊತ್ತಾಗೋದಿಲ್ಲ, ಕಲಿಸುವ ಕೆಲಸವೇ ಇಲ್ಲ. ಹಳೇ ಕಾರಿಗೆ ನಾನು ಇದನ್ನೇ ಮೆಚ್ಚುತ್ತೇನೆ. ಕಂಪ್ಯೂಟರಿನಲ್ಲಿ ಏನೂ ಬದಲಿಸಬೇಕಾಗಿಲ್ಲ.

ಬ್ಯಾಟರಿ ಸ್ವಲ್ಪ ಉಳಿದಿದ್ದರೆ ಟೂಲನ್ನು ವಾಲ್ವಿನ ಹತ್ತಿರ ಟೈರಿಗೆ ಹಿಡಿದರೆ ಸಾಕು. ಅದು 125 ಕಿಲೋಹರ್ಟ್ಸ್ ಸಿಗ್ನಲ್ ಕಳಿಸಿ ಮಲಗಿದ ಸೆನ್ಸರನ್ನು ಎಬ್ಬಿಸುತ್ತದೆ, ಐಡಿ ಸ್ಕ್ರೀನ್ ಮೇಲೆ ಬರುತ್ತದೆ. ನನ್ನ ಎರಡು ಸೆನ್ಸರ್ ಹೀಗೆ ಸಿಕ್ಕವು. ಮೂರನೆಯದು ಪೂರ್ತಿ ಸತ್ತಿತ್ತು. ಅಂಗಡಿ ಹುಡುಗ ಟೂಲ್ ಹಿಡಿದೂ ಹಿಡಿದೂ, "ಸರ್, ಇದ್ರಾಗ ಜೀವಾನೇ ಇಲ್ಲ, ಒಳಗ ನಂಬರ್ ಬರ್ದಿರ್ತೈತಿ, ನೋಡಿ ಹೊಡೀತೀನಿ" ಅಂದ. ಟೈರ್ ಬಿಚ್ಚಿ, ಸೆನ್ಸರನ್ನು ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎಂಟು ಅಕ್ಷರದ ಐಡಿ ಅಚ್ಚಾಗಿತ್ತು. ಅರ್ಧ ಮಾಸಿತ್ತು. ಮೂರನೇ ಜಾಗದಲ್ಲಿರೋದು ಅಂಕಿ 8ರಾ, ಇಂಗ್ಲಿಷಿನ ಬಿ ಅಕ್ಷರವಾ ಅಂತ ಇಬ್ಬರೂ ಬಗ್ಗಿ ನೋಡಿದೆವು. ಹುಡುಗ ಬುದ್ಧಿವಂತ. ಒಬಿಡಿ ಕೇಬಲ್ ಹಾಕಿ ಕಾರಿನಲ್ಲೇ ಇದ್ದ ನಾಲ್ಕು ಐಡಿಗಳನ್ನು ಓದಿ ತಾಳೆ ನೋಡಿದ. ಬಿ ಅಕ್ಷರ ಅಂತ ಖಾತ್ರಿ ಆಯಿತು. ಒಂದು ಅಕ್ಷರ ತಪ್ಪಿದ್ದರೂ ಕಾರು ಆ ಸೆನ್ಸರಿನ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಹಳೇ ಸೆನ್ಸರುಗಳನ್ನು ಎಸೆಯೋಕೆ ಬಿಡಬೇಡಿ, ಮನೆಗೆ ತನ್ನಿ.

ಆನ್‌ಲೈನಲ್ಲಿ ಖಾಲಿ ಸೆನ್ಸರ್ ತರಿಸುವವರು ಫ್ರೀಕ್ವೆನ್ಸಿ ನೋಡಿ. ನಮ್ಮ ದೇಶದ ಕಾರುಗಳಲ್ಲಿ, ಯುರೋಪಿನಲ್ಲಿ 433 ಮೆಗಾಹರ್ಟ್ಸ್ ನಡೆಯುತ್ತದೆ. ಅಮೆರಿಕದ ಮಾರುಕಟ್ಟೆಗೆ ಮಾಡಿದವುಗಳಲ್ಲಿ 315 ಜಾಸ್ತಿ. ಅಲ್ಲಿ 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರಿಗೂ ಈ ವ್ಯವಸ್ಥೆ ಕಡ್ಡಾಯ, ಹಾಗಾಗಿ ಅಗ್ಗದ ಸೆನ್ಸರ್ ಅಲ್ಲಿನ ಲೆಕ್ಕದಲ್ಲೇ ರಾಶಿ ಬಿದ್ದಿವೆ. 315ರದ್ದು ನಮ್ಮ ಕಾರಿಗೆ ಕೇಳಿಸೋದೇ ಇಲ್ಲ.

ತೋರಿಸುವ ಅಂಕಿಯಲ್ಲಿ ವ್ಯತ್ಯಾಸ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಕೈಗೇಜಿನಲ್ಲಿ 33 ಇಟ್ಟು ನೋಡಿದೆ. ಅಸಲಿ ಸೆನ್ಸರ್ 33, ಯೂನಿವರ್ಸಲ್ ಮೂರೂ 33, ಕ್ಯಾಪ್ ಸೆನ್ಸರ್ 32. ಮೇ ತಿಂಗಳ ಮಧ್ಯಾಹ್ನ ಸಿರುಗುಪ್ಪಕ್ಕೆ ಹೋಗಿ ಇಳಿಯುವಾಗ ಅಸಲಿಯೂ ಯೂನಿವರ್ಸಲೂ 38ರ ಹತ್ತಿರ ತೋರಿಸಿದವು. ಅದು ಸೆನ್ಸರ್ ತಪ್ಪಲ್ಲ. ಟೈರಿನೊಳಗಿನ ಗಾಳಿ ಐದಾರು ಡಿಗ್ರಿ ಕಾದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬಿಸಿ ಟೈರಿನಲ್ಲಿ 38 ಕಂಡು ಹೆದರಿ ಗಾಳಿ ಬಿಡಬೇಡಿ, ಮರುದಿನ ಬೆಳಿಗ್ಗೆ ಅದು ಕಮ್ಮಿ ಆಗಿರುತ್ತದೆ.

ಭಾವನ ಹೊಸ ಕಾರಿನಲ್ಲಿ ಟೈರಿನೊಳಗೆ ಏನೂ ಇಲ್ಲ. ಬ್ರೇಕಿನ ಎಬಿಎಸ್ ಸೆನ್ಸರ್ ಚಕ್ರದ ವೇಗ ನೋಡಿ ಗಾಳಿ ಇಳಿದಿದೆ ಅಂತ ಊಹಿಸುತ್ತದೆ. ಬ್ಯಾಟರಿ ಚಿಂತೆ ಇಲ್ಲ, ಆದರೆ ಪಿಎಸ್‌ಐ ತೋರಿಸೋದಿಲ್ಲ. ನಾಲ್ಕೂ ಟೈರ್ ಒಟ್ಟಿಗೆ ನಿಧಾನಕ್ಕೆ ಇಳಿದರೆ ಅದಕ್ಕೆ ತಿಳಿಯೋದು ಕಷ್ಟ. ಅದನ್ನು ನಮ್ಮ ಹಳೇ ಕಾರಿಗೆ ಹಾಕಿಸಲು ಬರೋದಿಲ್ಲ, ಆದ್ದರಿಂದ ಪೈಪೋಟಿಯಲ್ಲಿ ಇಲ್ಲ.

ಅಸಲಿಯಾಗಲಿ ಯೂನಿವರ್ಸಲ್ ಆಗಲಿ, ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಲಿವರ್ ಹಾಕಿ ಕೈಯಲ್ಲಿ ಟೈರ್ ಬಿಚ್ಚುವ ಅಂಗಡಿ ಬೇಡ, ಒಂದು ಏಟಿಗೆ ಸೆನ್ಸರ್ ಮುರಿಯುತ್ತದೆ. ಮಷಿನ್ ಇದ್ದರೂ ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು) ಒತ್ತುವ ಅದರ ಕೈ ವಾಲ್ವಿನಿಂದ ದೂರ ಇರಬೇಕು. ಟೈರ್ ಬಿಚ್ಚಿದಾಗಲೆಲ್ಲ ನೆಕ್ಕಿನ ರಬ್ಬರ್ ಬುಷ್, ಪಿನ್ ಹೊಸದು ಹಾಕಿಸಿ. ಅಲ್ಯೂಮಿನಿಯಂ ನೆಕ್ಕಿಗೆ ನಿಕಲ್ ಲೇಪದ ಪಿನ್ನೇ ಬೇಕು. ಮಾಮೂಲಿ ಹಿತ್ತಾಳೆ ಪಿನ್ ಹಾಕಿದರೆ ಎರಡು ಲೋಹ ಸೇರಿ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಪಂಕ್ಚರ್ ಲಿಕ್ವಿಡ್ ಹಾಕಿಸಿದರೆ ಸೆನ್ಸರಿನ ಸಣ್ಣ ತೂತು ಮುಚ್ಚಿಹೋಗಬಹುದು. ಕ್ಲೋನ್ ಮಾಡಿಸೋದಾದರೆ ಬಿಚ್ಚುವ ಮೊದಲೇ ಪ್ರತಿ ಟೈರಿನ ಮೇಲೆ ಚಾಕ್‌ಪೀಸಿನಿಂದ "ಮುಂದೆ ಎಡ", "ಹಿಂದೆ ಬಲ" ಅಂತ ಬರೆಸಿ. ಹಳೇ ಐಡಿ ಹಳೇ ಜಾಗಕ್ಕೇ ಹೋಗಬೇಕು, ಇಲ್ಲದಿದ್ದರೆ ಹಿಂದಿನ ಟೈರ್ ಇಳಿದಾಗ ಸ್ಕ್ರೀನ್ ಮುಂದಿನದನ್ನು ತೋರಿಸುತ್ತದೆ.

ದುಡ್ಡು ಕೊಡುವ ಮೊದಲು ಒಂದು ಸುತ್ತು ಓಡಿಸಿ. ನಿಂತ ಕಾರಿನಲ್ಲಿ ಸೆನ್ಸರ್ ಮಲಗಿರುತ್ತದೆ, ಸಾಮಾನ್ಯವಾಗಿ ಚಕ್ರ ತಿರುಗಿದ ಮೇಲೆ ಅಥವಾ ಗಾಳಿ ಸರ್ರನೆ ಇಳಿದಾಗ ಮಾತಾಡೋದು. ನಾಲ್ಕೂ ಅಂಕಿ ಬಂದ ಮೇಲೆ ಅಂಗಡಿಗೆ ವಾಪಸ್ ಬಂದು, ಇಂಜಿನ್ ಆರಿಸದೆ, ಒಂದು ಟೈರಿನಿಂದ ಹತ್ತು ಪಿಎಸ್‌ಐ ಬಿಡಿಸಿ. ಸಾಮಾನ್ಯವಾಗಿ ಕಾಲು ಭಾಗ ಗಾಳಿ ಇಳಿಯುವ ಹೊತ್ತಿಗೆ ಲೈಟ್ ಹತ್ತುತ್ತದೆ. ಅದೇ ಟೈರಿನ ಹೆಸರು ಸ್ಕ್ರೀನ್ ಮೇಲೆ ಬಂತಾ ನೋಡಿ. ಬಂದರೆ ಗಾಳಿ ತುಂಬಿಸಿಕೊಂಡು ಬಿಲ್ ಕೊಡಿ.