ವಾರ್ಡಿನಲ್ಲಿ ಕಲಿತದ್ದು, ಪರದೆಯಲ್ಲಿ ಕಲಿತದ್ದು, ಊರಿನಲ್ಲಿ ಕಲಿತದ್ದು

ಮಾನಸಿಕ ಆರೋಗ್ಯ ವಿಭಾಗಕ್ಕೆ ಹೊಸದಾಗಿ ಬಂದ ಶುಶ್ರೂಷಾಧಿಕಾರಿಗಳು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಅಕ್ಕಾ, ಮುಂದೆ ಏನು ಮಾಡಲಿ?" ಜಿ.ಎನ್‌.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಇಲ್ಲವೇ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಸೇವೆಯಲ್ಲಿರುವವರಿಗೆ ನನಗೆ ಕಂಡಂತೆ ದಾರಿಗಳು ಮೂರು. ಮನೋರೋಗ ಶುಶ್ರೂಷೆಯಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಬಹುದು, ಸಂಜೆಯ ಹೊತ್ತು ನಡೆಯುವ ಆನ್‌ಲೈನ್ ತರಬೇತಿಗೆ ಸೇರಬಹುದು, ಇಲ್ಲವೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಜೊತೆ ಊರೂರು ತಿರುಗಿ ಕಲಿಯಬಹುದು. ಮೂರನ್ನೂ ಮಾಡಿದವಳಾದ್ದರಿಂದ ತಾಳೆ ಹಾಕಿ ನೋಡುವ ಅಧಿಕಾರ ಇದೆ ಎಂದುಕೊಂಡಿದ್ದೇನೆ. ಎಂ.ಎಸ್ಸಿ.ಯನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ. ಎರಡು ವರ್ಷದ ಆ ಓದು ಒಳ್ಳೆಯದೇ, ಆದರೆ ನನಗೆ ಗೊತ್ತಿರುವ ಬಹುಪಾಲು ಮಂದಿ ಅದನ್ನು ಮುಗಿಸಿ ನರ್ಸಿಂಗ್ ಕಾಲೇಜಿನ ಪಾಠಕ್ಕೆ ಹೋದರು, ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆ ಬರಲಿಲ್ಲ.

ನಾನು ಅಳೆಯುವ ಕೋಲು ಯಾವುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಮಗ್ರ ಸಮುದಾಯ ಆರೈಕೆಯಲ್ಲಿ ದಾದಿಯ ಕೆಲಸ ಸೂಜಿ, ಮಾತ್ರೆಗೆ ಮುಗಿಯುವುದಿಲ್ಲ. ಭ್ರಮೆ, ಸಂಶಯ ಕಾಡುವ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವ ಮನುಷ್ಯನ ಸಕ್ಕರೆ, ರಕ್ತದೊತ್ತಡವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ತೊಂದರೆ ಇರುವವರಿಗಾಗಿ ನಡೆಯುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಅವನು ಬಾರದಿದ್ದರೆ ಏಕೆ ಬರಲಿಲ್ಲ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಬೇಕು. ಅಂಗವಿಕಲ ವೇತನದ ಕಾಗದ ಎಲ್ಲಿ ನಿಂತಿದೆ ಎಂದೂ ನೋಡಬೇಕು. ಇಷ್ಟನ್ನು ಯಾವ ತರಬೇತಿ ಕಲಿಸುತ್ತದೆ ಎಂಬುದೇ ನನ್ನ ಪರೀಕ್ಷೆ.

ಡಿಪ್ಲೊಮಾ ಮಾಡಿದ್ದು ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ. ಕೈ ಪಳಗಿದ್ದು ಅಲ್ಲಿಯೇ, ಅನುಮಾನವಿಲ್ಲ. ಫ್ಲೂಫೆನಜಿನ್ ಡೆಕನೋಯೇಟ್ ಚುಚ್ಚುಮದ್ದನ್ನೇ ತೆಗೆದುಕೊಳ್ಳಿ. ದಿನವೂ ಮಾತ್ರೆ ನುಂಗಲು ಒಪ್ಪದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ, ಎಣ್ಣೆಯಲ್ಲಿ ಕರಗಿಸಿದ ಔಷಧ ಅದು. ಸಿರಿಂಜಿನಲ್ಲಿ ನೀರಿನ ಪಸೆ ಇದ್ದರೂ ದ್ರಾವಣ ಮಬ್ಬಾಗುತ್ತದೆ. ಚರ್ಮವನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು, ಸ್ನಾಯುವಿನ ಆಳಕ್ಕೆ ನಿಧಾನವಾಗಿ ತಳ್ಳಿ, ಸೂಜಿ ಹೊರಗೆ ಬಂದ ಮೇಲಷ್ಟೇ ಚರ್ಮವನ್ನು ಬಿಡಬೇಕು. ಆಮೇಲೆ ಉಜ್ಜಬಾರದು. ನಮಗೆ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರು, ಚುಚ್ಚಿದ ಜಾಗದ ಮೇಲೆ ಯಾರಾದರೂ ಹತ್ತಿಯಿಟ್ಟು ತಿಕ್ಕಿದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. ಮಳೆಗಾಲದಲ್ಲಿ ಜಗಲಿಯ ಮೇಲೆ ಕೂತು ಇದೇ ಸೂಜಿ ಕೊಡುವಾಗ, ಸುತ್ತಲೂ ಎಲ್ಲವೂ ಒದ್ದೆಯಾಗಿರುವಾಗ, ಅವರ ಪಾಠ ಈಗಲೂ ಕೈಯಲ್ಲೇ ಇದೆ.

ಕುಡಿತ ಬಿಟ್ಟವರಲ್ಲಿ ಎರಡು ಮೂರು ದಿನದೊಳಗೆ ಕಾಣಿಸಿಕೊಳ್ಳುವ ನಡುಕ, ಭ್ರಮೆ, ಫಿಟ್ಸನ್ನು ಗುರುತಿಸುವುದು, ಅಂಥವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಡುವುದು, ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಔಷಧ ಆರಂಭಿಸಿದವರ ಬಿಳಿ ರಕ್ತಕಣಗಳನ್ನು ಮೊದಲ 18 ವಾರ ವಾರವಾರ ಎಣಿಸುವುದು, ಇವೆಲ್ಲ ವಾರ್ಡಿನಲ್ಲಿ ಕಣ್ಣಾರೆ ನೋಡದೆ ಬರುವ ವಿದ್ಯೆಗಳಲ್ಲ.

ಆದರೆ ಆ ವರ್ಷದಲ್ಲಿ ಸಮುದಾಯ ಎಂಬುದು ಬಸ್ಸಿನ ಕಿಟಕಿಯಿಂದ ಕಂಡದ್ದೇ ಹೆಚ್ಚು. ಪಠ್ಯಕ್ರಮದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಎಂಬ ಭಾಗವಿತ್ತು. ನಾವು ಓದಿದ ಕಡೆ ಅದು ಒಂದು ಶಾಲೆಯಲ್ಲಿ ಭಿತ್ತಿಪತ್ರ ಹಿಡಿದು ನಿಂತು, ಫೋಟೊ ತೆಗೆಸಿಕೊಂಡು, ದಾಖಲೆ ಪುಸ್ತಕಕ್ಕೆ ಅಂಟಿಸುವಲ್ಲಿಗೆ ಮುಗಿಯಿತು. ವಾರ್ಡಿನಲ್ಲಿ ಇನ್ನೊಂದು ತೊಡಕೂ ಇದೆ. ಅಲ್ಲಿ ರೋಗಿ ರೋಗಿಯಾಗಿಯೇ ಕಾಣುತ್ತಾನೆ. ಹಾಸಿಗೆಯ ಮೇಲೆ ಮಂಕಾಗಿ ಕೂತವನನ್ನು ನೋಡಿ ಯಾವುದರಲ್ಲೂ ಆಸಕ್ತಿ ಇಲ್ಲ ಎಂದು ಬರೆದುಕೊಳ್ಳುತ್ತೇವೆ. ಅಂಥ ಒಬ್ಬರನ್ನು ಆಮೇಲೆ ಅವರ ಮನೆಯಲ್ಲಿ ನೋಡಿದೆ. ರಾತ್ರಿ ಅಡಿಕೆ ಸುಲಿಯಲು ಕೂತರೆ ಪಕ್ಕದವರ ಬುಟ್ಟಿಗಿಂತ ಇವರ ಬುಟ್ಟಿಯೇ ಮೊದಲು ತುಂಬುತ್ತಿತ್ತು. ಮಾತು ಮಾತ್ರ ಇಲ್ಲ. ಅಂಗವೈಕಲ್ಯ ಅಳೆಯುವ ಐಡಿಯಾಸ್ ಮಾಪಕದಲ್ಲಿ ಸ್ವಂತ ಆರೈಕೆ, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ದುಡಿಮೆ ಎಂದು ಬೇರೆಬೇರೆ ಅಂಕಗಳಿವೆ. ಸೌಲಭ್ಯ ಸಿಗಬೇಕಾದರೆ ಕನಿಷ್ಠ ಶೇ 40 ಇರಬೇಕು. ಪ್ರಮಾಣಪತ್ರ ಕೊಡುವುದು ವೈದ್ಯರೇ ಆದರೂ ಮನೆಯೊಳಗಿನ ಸಂಗತಿಯನ್ನು ಅವರಿಗೆ ತಲುಪಿಸುವವರು ನಾವು. ಹಾಸಿಗೆಯ ಪಕ್ಕ ನಿಂತು ತುಂಬಿದ ನಮೂನೆಗೂ ಜಗಲಿಯಲ್ಲಿ ಕೂತು ತುಂಬಿದ ನಮೂನೆಗೂ ಎಷ್ಟು ಅಂತರವಿರುತ್ತದೆ ಎಂಬುದನ್ನು ಡಿಪ್ಲೊಮಾ ನನಗೆ ಹೇಳಿರಲಿಲ್ಲ.

ಇನ್ನು ರಜೆಯ ಮಾತು. ಸೇವೆಯಲ್ಲಿರುವವರು ಇಲಾಖೆಯ ಅನುಮತಿ ಪಡೆದು ಹೋಗಬೇಕು, ಮನೆ, ಮಕ್ಕಳನ್ನು ಬಿಟ್ಟು ಹಾಸ್ಟೆಲಿನಲ್ಲಿರಬೇಕು. ಹಿಂದಿರುಗುವಷ್ಟರಲ್ಲಿ ನಮ್ಮ ರೋಗಿಗಳಲ್ಲಿ ಕೆಲವರು ಔಷಧ ಬಿಟ್ಟಿರುತ್ತಾರೆ. ಆ ನಷ್ಟ ಯಾವ ಆದೇಶ ಪತ್ರದಲ್ಲೂ ಬರುವುದಿಲ್ಲ.

ಆನ್‌ಲೈನ್ ತರಬೇತಿಯಲ್ಲಿ ಎರಡು ಜಾತಿ. ಮೊದಲನೆಯದು ಮೊದಲೇ ಚಿತ್ರೀಕರಿಸಿಟ್ಟ ಪಾಠ. ವಿಡಿಯೊ ಮುಗಿದ ಮೇಲೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಿದರೆ ಪ್ರಮಾಣಪತ್ರ ಬರುತ್ತದೆ. ವಿಡಿಯೊ ಓಡಲು ಬಿಟ್ಟು ಸಾರಿಗೆ ಒಗ್ಗರಣೆ ಹಾಕಿದವರನ್ನು ನಾನು ಬಲ್ಲೆ. ಬಡ್ತಿಯ ಕಡತಕ್ಕೆ ಕಾಗದ ಬೇಕಾದವರು ಮಾಡಿಕೊಳ್ಳಲಿ, ಅದರ ಬಗ್ಗೆ ಇಷ್ಟು ಸಾಕು.

ಎರಡನೆಯದು ಬೇರೆಯೇ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಯಕೃತ್ತಿನ ತಜ್ಞ ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ಎಕೋ ಎಂಬ ಕ್ರಮ ಅದು. ಹೆಪಟೈಟಿಸ್ ಸಿ ರೋಗಿಗಳು ದೂರದ ತಜ್ಞರ ಬಳಿಗೆ ಬರುವ ಬದಲು, ರೋಗಿಗಳ ಊರಿನಲ್ಲಿರುವ ಆರೋಗ್ಯ ಸಿಬ್ಬಂದಿಯೇ ವಿಡಿಯೊ ಮೂಲಕ ತಜ್ಞರ ಜೊತೆ ಕೂತು ಚಿಕಿತ್ಸೆ ಕಲಿಯಲಿ ಎಂಬುದು ಅದರ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೇ ಮಾದರಿಯಲ್ಲಿ ಮಾನಸಿಕ ಆರೋಗ್ಯದ ತರಬೇತಿಗಳನ್ನು ನಡೆಸುತ್ತದೆ. ಇಲ್ಲಿ ಪಾಠ ಚಿಕ್ಕದು, ಚರ್ಚೆ ದೊಡ್ಡದು. ಹೆಸರು ಹೇಳದೆ ನಮ್ಮ ರೋಗಿಯ ವಿಷಯವನ್ನು ನಾವೇ ಮಂಡಿಸಬೇಕು.

ನನಗೆ ಇದು ಒದಗಿದ ರೀತಿ ಇದು. ತೋಟಕ್ಕೆ ತಂದಿಟ್ಟ ಔಷಧ ಕುಡಿದು ಬದುಕುಳಿದ ಹುಡುಗಿಯೊಬ್ಬಳ ಮನೆಯವರು ಪೊಲೀಸರಿಗೆ ಹೆದರಿ ಚಿಕಿತ್ಸೆಯನ್ನೇ ಮುಂದುವರಿಸಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ನನ್ನು ಡಿಪ್ಲೊಮಾದಲ್ಲಿ ಓದಿದ್ದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು ಅದು ಹೇಳುತ್ತದೆ. ಆದರೆ ಅಜ್ಜ, ಚಿಕ್ಕಪ್ಪ ಎಲ್ಲರೂ ಕೂತ ಮನೆಯಲ್ಲಿ ಅದನ್ನು ಯಾರಿಗೆ ಮೊದಲು ಹೇಳಬೇಕು? ಪರದೆಯ ಮೇಲಿದ್ದ ಮನೋಸಾಮಾಜಿಕ ಕಾರ್ಯಕರ್ತೆ ಹುಡುಗಿಯ ಜೊತೆ ಮೊದಲು ಒಂಟಿಯಾಗಿ ಮಾತಾಡಿ, ಅವಳು ಒಪ್ಪಿದ ಒಬ್ಬ ಹಿರಿಯರನ್ನು ಮಾತ್ರ ಕರೆಯಿರಿ ಎಂದರು. ತೋಟದ ಔಷಧದ ಡಬ್ಬಿಗಳನ್ನು ಮನೆಯಿಂದಲೇ ಆಚೆ ಸಾಗಿಸುವ ಕೆಲಸವನ್ನು ಆ ಹಿರಿಯರ ಕೈಯಲ್ಲಿ ಮಾಡಿಸಿ ಎಂದರು. ಹಾಗೆಯೇ ಮಾಡಿದೆ. ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳ ಮೊಬೈಲಿಗೇ ಹಾಕಿಕೊಟ್ಟೆ. ಒಬ್ಬಳೇ ಕೆಲಸ ಮಾಡುವ ದಾದಿಗೆ ಕೇಳಲು ಯಾರೋ ಇದ್ದಾರೆ ಎಂಬುದೇ ಈ ತರಬೇತಿಯ ದೊಡ್ಡ ಗುಣ.

ದೋಷವೂ ಉಂಟು. ಆಷಾಢದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ, ತಜ್ಞರ ಮುಖ ಅರ್ಧ ಬಾಯಿ ತೆರೆದು ನಿಂತುಬಿಡುತ್ತದೆ. ಚರ್ಚೆ ಬಹುಪಾಲು ಇಂಗ್ಲಿಷಿನಲ್ಲಿ ಸಾಗುವುದರಿಂದ ಒಳ್ಳೆಯ ಅನುಭವವಿದ್ದೂ ಬಾಯಿ ಬಿಡದ ಸಹೋದ್ಯೋಗಿಗಳಿದ್ದಾರೆ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದ ಮೇಲಿರುವಾಗ ಕೆಳಗೆ ನಿಂತು ಹಗ್ಗ ಹಿಡಿದವನಿಗೆ ಎಷ್ಟು ತಿಳಿಯುತ್ತದೋ ತಜ್ಞರಿಗೆ ನಮ್ಮ ಊರು ಅಷ್ಟೇ ತಿಳಿಯುವುದು. ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ ಎನ್ನುವುದು ಸುಲಭ, ಹೊಳೆಯಾಚೆಯ ಮನೆಯಿಂದ ಯಾವ ಬಸ್ಸಿಗೆ ಬರುತ್ತಾರೆ ಎಂದು ಹೇಳುವುದು ನಮ್ಮ ಪಾಲಿಗೇ ಉಳಿಯುತ್ತದೆ.

ಮೂರನೆಯದಾದ ಊರೂರು ತಿರುಗಾಟಕ್ಕೆ ಪ್ರಮಾಣಪತ್ರವಿಲ್ಲ. ಆದರೆ ಈ ವಿದ್ಯೆಗೆ ಕರ್ನಾಟಕವೇ ತವರು ಎನ್ನಬಹುದು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಊರಿನಲ್ಲೇ ಹುಡುಕಿ, ಹತ್ತಿರದಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿಕೊಂಡ ಕೆಲಸ ಮನೋವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿದೆ. ಕಲಿಯಲು ನಮಗೆ ದೂರ ಹೋಗಬೇಕಿಲ್ಲ.

ತಿರುಗಾಟದಲ್ಲಿ ಕಲಿತ ಮೊದಲ ಪಾಠ, ಮಾನಸಿಕ ಆರೋಗ್ಯಕ್ಕೆಂದು ಪ್ರತ್ಯೇಕ ಸಮೀಕ್ಷೆ ಇಟ್ಟುಕೊಂಡರೆ ಅದು ನಡೆಯುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ಊರುಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ಮಂಗನ ಕಾಯಿಲೆಯದೇ ಓಡಾಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಅದು. ಮನೆಮನೆಗೆ ಹೋಗಿ ಜ್ವರ ಇದೆಯೇ ಎಂದು ಕೇಳಿ, ರೋಗ ಹರಡುವ ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ತೈಲ ಕೊಟ್ಟು ಬರುತ್ತಾರೆ. ಅದೇ ಬಾಗಿಲಲ್ಲಿ ಇನ್ನೆರಡು ಪ್ರಶ್ನೆ ಸೇರಿಸಿ ಎಂದು ಕೇಳಿಕೊಂಡೆವು: ಮನೆಯಲ್ಲಿ ಯಾರಾದರೂ ನಿದ್ದೆ ಬಿಟ್ಟು ಒಬ್ಬರೇ ಮಾತಾಡುತ್ತಾರೆಯೇ, ಯಾರಾದರೂ ಹೊರಗೆ ಬರುವುದನ್ನೇ ನಿಲ್ಲಿಸಿದ್ದಾರೆಯೇ? ಯಾವ ಶಿಬಿರಕ್ಕೂ ಬಾರದ ಹೆಸರುಗಳು ಈ ಎರಡು ಪ್ರಶ್ನೆಗೆ ಬಂದವು.

ಇನ್ನೊಂದು ಸಂಗತಿಯಲ್ಲಂತೂ ಮೂರು ತರಬೇತಿಗಳೂ ಒಟ್ಟಿಗೆ ಪರೀಕ್ಷೆಗೆ ಕೂತವು. ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುತ್ತಿದ್ದ ಒಬ್ಬರು ಅಡಿಕೆ ಕೊಯ್ಲಿನ ದಿನಗಳಲ್ಲಿ ತೂರಾಡತೊಡಗಿದರು, ನಾಲಿಗೆ ತೊದಲಿತು. ಮನೆಯವರು ಮತ್ತೆ ಕುಡಿತ ಶುರುವಾಯಿತು ಎಂದು ಕೈಚೆಲ್ಲಿದರು. ನನಗೆ ಫೋನ್ ಮಾಡಿದವರು ಆ ಊರಿನ ಆಶಾ ಕಾರ್ಯಕರ್ತೆ. "ಸಿಸ್ಟರ್, ವಾಸನೆ ಇಲ್ಲ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ, ಆದರೂ ಚೆಲ್ಲುತ್ತದೆ" ಎಂದರು. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುತ್ತಿದ್ದರಂತೆ. ಅಂಥ ಮಾತ್ರೆಗಳಲ್ಲಿ ಹಲವು ಲಿಥಿಯಂ ಮೂತ್ರದಲ್ಲಿ ಹೊರಹೋಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತವೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಈಕ್ವಿವಲೆಂಟ್ ಒಳಗೆ ಇರಬೇಕಾದದ್ದು ಅದು, ಮೀರಿದರೆ ವಿಷ. ಅವತ್ತೇ ಆಸ್ಪತ್ರೆಗೆ ಕಳುಹಿಸಿದೆವು, ಉಳಿದುಕೊಂಡರು. ಆ ನಡುಕದ ಅರ್ಥ ನನಗೆ ಗೊತ್ತಿದ್ದದ್ದು ಡಿಪ್ಲೊಮಾದಿಂದ. ನಡುಕ ನನ್ನ ಕಿವಿಗೆ ಬಿದ್ದದ್ದು ತಿರುಗಾಟದಿಂದ, ಆ ಆಶಾ ಕಾರ್ಯಕರ್ತೆಯ ಜೊತೆ ಹಿಂದೆ ಎಷ್ಟೋ ಮನೆಗಳ ಜಗಲಿಯಲ್ಲಿ ಕೂತಿದ್ದರಿಂದ. ಆನ್‌ಲೈನ್ ಚರ್ಚೆ ಇದ್ದದ್ದು ಮುಂದಿನ ವಾರಕ್ಕೆ.

ತಿರುಗಾಟದ ಕಷ್ಟವನ್ನು ಮುಚ್ಚಿಡುವುದಿಲ್ಲ. ಕಲಿಸುವವರು ಚೆನ್ನಾಗಿದ್ದರೆ ಕಲಿಯುತ್ತೀರಿ, ಇಲ್ಲದಿದ್ದರೆ ಜೀಪಿನಲ್ಲಿ ಕೂತು ಬರುತ್ತೀರಿ. ಯಾವುದು ರೂಢಿ, ಯಾವುದು ಶಾಸ್ತ್ರ ಎಂದು ತಿದ್ದುವವರಿಲ್ಲದೆ ತಪ್ಪು ಅಭ್ಯಾಸಗಳೂ ಅಂಟಿಕೊಳ್ಳುತ್ತವೆ. ರೋಗಿಗೆ ಹೇಳದೆ ಕಾಫಿಯಲ್ಲಿ ಮಾತ್ರೆ ಕರಗಿಸಿ ಕೊಡುವುದನ್ನು ಹಳಬರೇ ಹೇಳಿಕೊಡುತ್ತಿದ್ದುದನ್ನು ನೋಡಿದ್ದೇನೆ. ದೂರದ ಮಾತು ಬೇರೆ. ಶರಾವತಿ ಹಿನ್ನೀರಿನಾಚೆಯ ತುಮರಿಯ ಕಡೆಗೆ ಹೋದರೆ ಸಂಜೆಯ ಕೊನೆಯ ಲಾಂಚಿನ ಮೇಲೇ ಕಣ್ಣಿರುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಒಂದು ಗಡಿಬಿಡಿ ತಪ್ಪಿದೆ.

ಹೀಗಾಗಿ ನನ್ನ ಉತ್ತರ ಸಾಮಾನ್ಯವಾಗಿ ಕೊಡುವ ಸಲಹೆಗೆ ತಿರುಗುಮುರುಗು. ಮೊದಲು ಡಿಪ್ಲೊಮಾ, ಆಮೇಲೆ ಹಳ್ಳಿ ಎನ್ನುತ್ತಾರೆ. ನಾನು ಮೊದಲು ತಿರುಗಿ ಎನ್ನುತ್ತೇನೆ, ಜೊತೆಗೆ ಎಕೋ ಮಾದರಿಯ ಆನ್‌ಲೈನ್ ಚರ್ಚೆಯನ್ನು ಹಿಡಿದುಕೊಳ್ಳಿ. ಆಗ ರೂಢಿಯ ತಪ್ಪುಗಳನ್ನು ತಿದ್ದುವವರೂ ಸಿಗುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಡಿಪ್ಲೊಮಾಕ್ಕೆ ಹೋದರೆ ವಾರ್ಡಿನಲ್ಲಿ ಏನನ್ನು ಕೇಳಬೇಕು ಎಂಬುದು ಗೊತ್ತಿರುತ್ತದೆ. ಇದಕ್ಕೆ ಹೊರತಾದವರು ಒಳರೋಗಿ ವಾರ್ಡಿನಲ್ಲೇ ಉಳಿಯುವವರು. ಅವರು ನೇರವಾಗಿ ಡಿಪ್ಲೊಮಾಕ್ಕೆ ಹೋಗಲಿ, ಉಳಿದೆರಡಕ್ಕೆ ಕಾಯಬೇಕಿಲ್ಲ.

ಅರ್ಜಿ ಹಾಕುವ ಮುನ್ನ ಸಂಸ್ಥೆಗೆ ಫೋನ್ ಮಾಡಿ ಎರಡು ವಿಷಯ ಕೇಳಿಕೊಳ್ಳಿ. ಸಮುದಾಯದ ಪೋಸ್ಟಿಂಗ್ ಎಷ್ಟು ವಾರ, ಮತ್ತು ಆ ವಾರಗಳಲ್ಲಿ ಮನೆಭೇಟಿಗೆ ನಿಮ್ಮ ಜೊತೆ ಬರುವವರು ಯಾರು? ಎರಡನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ವಿಚಾರಿಸಿ.